ಉಳ್ಳಾಗಡ್ಡಿ, ಉಸುಕು, ಸಕ್ಕರೆ: ಬೆಳಗಾವಿಯಿಂದ ಕಾಣುವ ದ್ವೀಪಗಳು

2025ರ ನವೆಂಬರ್ ತಿಂಗಳ ಎರಡನೇ ವಾರ. ಗುರ್ಲಾಪುರ ಕ್ರಾಸಿನಲ್ಲಿ ಹಗಲು ರಾತ್ರಿ ಬೀದಿಯಲ್ಲೇ ಕೂತಿದ್ದ ಕಬ್ಬಿನ ರೈತರು ಎದ್ದು ಮನೆಗೆ ಹೋಗಿ ಎರಡು ಮೂರು ದಿನವಾಗಿತ್ತು. ಟನ್ನಿಗೆ 3,500 ರೂಪಾಯಿ ಕೇಳಿದವರು 3,300ಕ್ಕೆ ಒಪ್ಪಿದ್ದರು. ಅದರಲ್ಲಿ 50 ರೂಪಾಯಿ ಸರ್ಕಾರದ್ದು, ಉಳಿದದ್ದು ಕಾರ್ಖಾನೆಯವರದ್ದು. ಬೆಳಗಾವಿಯ ಚಹಾದಂಗಡಿಗಳಲ್ಲಿ ಇನ್ನೂ ಅದೇ ಮಾತು. ಈ ಗದ್ದಲದಲ್ಲಿ ಒಂದು ಸಣ್ಣ ಸುದ್ದಿ ಯಾರ ಕಣ್ಣಿಗೂ ಬೀಳಲಿಲ್ಲ. ನವೆಂಬರ್ 10ರಂದು ನಮ್ಮೂರಿನ ವಿದೇಶಿ ಸೈನಿಕರ ತರಬೇತಿ ಕೇಂದ್ರಕ್ಕೆ ಶ್ರೀಲಂಕಾದ 135 ಸೈನಿಕರು ಬಂದಿಳಿದು, ಭಾರತದ 170 ಸೈನಿಕರ ಜತೆ ‘ಮಿತ್ರಶಕ್ತಿ’ ಎಂಬ ಹನ್ನೊಂದನೇ ಜಂಟಿ ತಾಲೀಮು ಶುರು ಮಾಡಿದ್ದರು.

ಕಬ್ಬಿನ ಸುದ್ದಿ ಮನೆಯದು, ಲಂಕಾದ ಸುದ್ದಿ ಪರದೇಶದ್ದು ಎಂದು ನಾನೂ ಪುಟ ತಿರುವಿದ್ದವನೇ. ಆಮೇಲೆ ಕೂತು ಲೆಕ್ಕ ಹಾಕಿದಾಗ ಎರಡೂ ಒಂದೇ ಸುದ್ದಿಯ ಎರಡು ತುದಿ ಅನ್ನಿಸಿತು. ಸಮುದ್ರ ನಮಗೆ ದೂರ. ಚೋರ್ಲಾ ಘಾಟಿನ ತಿರುವುಗಳನ್ನು ಇಳಿದು ಗೋವಾ ಮುಟ್ಟಿದರೇ ಅದರ ದರ್ಶನ. ಆದರೂ ಹಿಂದೂ ಮಹಾಸಾಗರದ ದ್ವೀಪಗಳಲ್ಲಿ ಸರ್ಕಾರ ಬಿದ್ದರೆ, ಡಾಲರ್ ಬತ್ತಿದರೆ, ಸುಂಕ ಏರಿದರೆ ಅದರ ಬಿಸಿ ನಮ್ಮ ಎಪಿಎಂಸಿಗೂ ನಮ್ಮ ಕ್ಯಾಂಪಿಗೂ ತಟ್ಟುತ್ತದೆ. ಹೇಗೆ ಎಂಬುದನ್ನು ಇಲ್ಲಿಂದಲೇ ನೋಡಬಹುದು.

ಮೊದಲು ಕ್ಯಾಂಪು. ಬೆಳಗಾವಿಯವರು ದಂಡು ಪ್ರದೇಶವನ್ನು ಕ್ಯಾಂಪ್ ಎಂದೇ ಕರೆಯುವುದು. ಮರಾಠಾ ಲೈಟ್ ಇನ್‌ಫೆಂಟ್ರಿಯ ರೆಜಿಮೆಂಟಲ್ ಸೆಂಟರ್ 1922ರಿಂದ ಇಲ್ಲೇ ಇದೆ. ಕಮಾಂಡೋಗಳನ್ನು ತಯಾರು ಮಾಡುವ ‘ಘಾತಕ’ ತರಬೇತಿಯೂ ಇಲ್ಲೇ. ಸುತ್ತ ಗುಡ್ಡ, ಹತ್ತಿರದಲ್ಲೇ ಖಾನಾಪುರದ ದಟ್ಟ ಕಾಡು, ವರ್ಷಕ್ಕೆ ನಾಲ್ಕು ತಿಂಗಳು ಬಿಡದೆ ಸುರಿಯುವ ಮಳೆ. ಕಾಡಿನ ಕಾಳಗ ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಊರು ದಕ್ಷಿಣದಲ್ಲಿ ಸಿಗುವುದು ಕಷ್ಟ. ಹಾಗಾಗಿ ಹೊರದೇಶದ ಸೇನೆಗಳ ಜತೆ ತಾಲೀಮು ನಡೆಸಲು ಆರಿಸಿದ ಜಾಗಗಳಲ್ಲಿ ಬೆಳಗಾವಿಯೂ ಒಂದಾಯಿತು. 2022ರ ಫೆಬ್ರವರಿ–ಮಾರ್ಚ್‌ನಲ್ಲಿ ಜಪಾನಿನವರು ‘ಧರ್ಮ ಗಾರ್ಡಿಯನ್’ ತಾಲೀಮಿಗೆ ಬಂದಿದ್ದರು. ಅದಕ್ಕೂ ಮೊದಲು, 2017ರ ಡಿಸೆಂಬರ್‌ನಲ್ಲಿ ಮಾಲ್ಡೀವ್ಸಿನವರು ‘ಏಕುವೆರಿನ್’ಗೆ ಬಂದಿದ್ದರು. ಧಿವೇಹಿ ಭಾಷೆಯಲ್ಲಿ ಏಕುವೆರಿನ್ ಎಂದರೆ ಗೆಳೆಯರು. ಜಪಾನ್, ಮಾಲ್ಡೀವ್ಸ್, ಲಂಕಾ ಮೂರೂ ದ್ವೀಪ ದೇಶಗಳೇ. ನೀರಿನ ನಡುವಿನವರು ಯುದ್ಧ ಕಲಿಯಲು ಘಟ್ಟದ ಮೇಲಿನ ಊರಿಗೆ ಬರುವುದು ವಿಚಿತ್ರವೇ.

ಆದರೆ ಈ ಬರುವಿಕೆ ಹೋಗುವಿಕೆಯ ಹಿಂದೆ ಒಂದು ಹಳೆಯ ಗಾಯವಿದೆ. 1987ರ ಜುಲೈ 29ರಂದು ರಾಜೀವ್ ಗಾಂಧಿ ಮತ್ತು ಜೆ.ಆರ್. ಜಯವರ್ಧನೆ ಕೊಲಂಬೊದಲ್ಲಿ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಭಾರತದ ಶಾಂತಿಪಾಲನಾ ಪಡೆ ಲಂಕೆಗೆ ಹೋಯಿತು. ಮರಾಠಾ ಲೈಟ್ ಇನ್‌ಫೆಂಟ್ರಿಯ ಪಡೆಗಳೂ ಜಾಫ್ನಾದಲ್ಲಿ ಕಾದಾಡಿದವು. 1990ರ ಮಾರ್ಚ್‌ನಲ್ಲಿ ವಾಪಸ್ ಬರುವ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಪ್ರಾಣ ಕಳೆದುಕೊಂಡಿದ್ದರು. ಬೆಳಗಾವಿ ಸೀಮೆಯ ಹಳ್ಳಿಗಳಲ್ಲಿ ಮಾಜಿ ಸೈನಿಕರ ಮನೆಯ ಪಡಸಾಲೆಗೆ ಹೋದರೆ ಗೋಡೆಯ ಮೇಲೆ ಒಂದಾದರೂ ಸಮವಸ್ತ್ರದ ಫೋಟೊ ಇರುತ್ತದೆ. “ಜಾಫ್ನಾ” ಎಂಬ ಶಬ್ದ ಅಲ್ಲಿ ಭೂಗೋಳದ ಪುಸ್ತಕದಿಂದ ಬಂದದ್ದಲ್ಲ.

ಆಗ ಭಾರತದ ಸೇನೆ ಬಂದದ್ದನ್ನು ಲಂಕೆಯ ದಕ್ಷಿಣದಲ್ಲಿ ಅತ್ಯಂತ ಉಗ್ರವಾಗಿ ವಿರೋಧಿಸಿದ್ದು ಜನತಾ ವಿಮುಕ್ತಿ ಪೆರಮುನ. ಬಂದೂಕು ಹಿಡಿದು ಬೀದಿಗಿಳಿದಿದ್ದ ಆ ಪಕ್ಷದ ನಾಯಕ ಅನುರ ಕುಮಾರ ದಿಸಾನಾಯಕೆ 2024ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರಾದರು. ಎರಡು ತಿಂಗಳ ಬಳಿಕ ಅವರ ಮೈತ್ರಿಕೂಟ ಸಂಸತ್ತಿನ 225 ಸ್ಥಾನಗಳಲ್ಲಿ 159 ಗೆದ್ದಿತು. ಇನ್ನು ಲಂಕೆ ಭಾರತದ ಕೈಬಿಟ್ಟಿತು ಎಂದು ನಮ್ಮ ಟಿ.ವಿ. ಚಾನೆಲ್‌ಗಳು ಒಂದು ವಾರ ಗೋಳಾಡಿದವು. ಆಮೇಲೆ ಆದದ್ದೇನು? ದಿಸಾನಾಯಕೆ ಮೊದಲ ವಿದೇಶ ಪ್ರವಾಸಕ್ಕೆ ಬಂದದ್ದು ದೆಹಲಿಗೆ, ಡಿಸೆಂಬರ್‌ನಲ್ಲಿ. ಮರು ತಿಂಗಳು ಬೀಜಿಂಗಿಗೂ ಹೋದರು ಅನ್ನಿ. 2025ರ ಏಪ್ರಿಲ್‌ನಲ್ಲಿ ಕೊಲಂಬೊದಲ್ಲಿ ಭಾರತದ ಜತೆ ರಕ್ಷಣಾ ಸಹಕಾರದ ಒಡಂಬಡಿಕೆಗೆ ಸಹಿ ಬಿತ್ತು. ನವೆಂಬರ್‌ನಲ್ಲಿ ಅವರ ಸೈನಿಕರು ಬೆಳಗಾವಿಯಲ್ಲಿದ್ದರು. ಬಂದವರಲ್ಲಿ ಹೆಚ್ಚಿನವರು ಗಜಬಾ ರೆಜಿಮೆಂಟಿನವರು. ಅದು ಮಾಜಿ ಅಧ್ಯಕ್ಷ ಗೋಟಬಯ ರಾಜಪಕ್ಸೆ ಸೇನೆಯಲ್ಲಿದ್ದಾಗ ಸೇವೆ ಸಲ್ಲಿಸಿದ ರೆಜಿಮೆಂಟು.

ಗೋಟಬಯ ಕಥೆ ನಮ್ಮ ಭಾಗದ ರೈತರಿಗೆ ತಿಳಿದಿರಲೇಬೇಕು. ಯಾಕೆಂದರೆ ಅದು ಗೊಬ್ಬರದ ಕಥೆ. 2019ರಲ್ಲಿ ಗೆದ್ದ ಕೂಡಲೇ ತೆರಿಗೆಗಳನ್ನು ಭರ್ಜರಿಯಾಗಿ ಇಳಿಸಿದರು. ಮರುವರ್ಷ ಕೋವಿಡ್ ಬಂದು ಪ್ರವಾಸಿಗರು ನಿಂತರು, ಡಾಲರ್ ನಿಂತಿತು. ಡಾಲರ್ ಉಳಿಸಬೇಕು, ಸಾವಯವ ಎಂದು ಹೆಸರೂ ಗಳಿಸಬೇಕು ಎಂದು 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ರಾತ್ರೋರಾತ್ರಿ ನಿಲ್ಲಿಸಿಬಿಟ್ಟರು. ಯೂರಿಯಾ ಚೀಲಕ್ಕಾಗಿ ಸೊಸೈಟಿ ಮುಂದೆ ಪಾಳಿ ಹಚ್ಚಿದ ಯಾವ ರೈತನನ್ನು ಕೇಳಿದರೂ ಮುಂದೇನಾಗುತ್ತದೆ ಎಂದು ಹೇಳುತ್ತಿದ್ದ. ಭತ್ತ ಬಿತ್ತು, ಚಹಾ ಬಿತ್ತು. ನವೆಂಬರ್ ಹೊತ್ತಿಗೆ ಆದೇಶ ಹಿಂತೆಗೆದರೂ ಹಂಗಾಮು ಕೈತಪ್ಪಿತ್ತು. 2022ರ ಏಪ್ರಿಲ್ 12ರಂದು ಲಂಕೆ ಹೊರಗಿನ ಸಾಲ ತೀರಿಸಲಾಗದು ಎಂದು ಕೈಯೆತ್ತಿತು. ಆಗ ಅದರ ಮೇಲಿದ್ದ ವಿದೇಶಿ ಸಾಲ ಸುಮಾರು 5,100 ಕೋಟಿ ಡಾಲರ್. ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿ ಈಜುಕೊಳದಲ್ಲಿ ಮುಳುಗೆದ್ದರು. 13ರ ನಸುಕಿನಲ್ಲಿ ಗೋಟಬಯ ವಾಯುಪಡೆಯ ವಿಮಾನ ಹತ್ತಿ ಓಡಿಹೋದದ್ದು ಎಲ್ಲಿಗೆ? ಪಕ್ಕದ ದ್ವೀಪ ಮಾಲ್ಡೀವ್ಸಿಗೆ.

ಇದನ್ನು ‘ಚೀನಾದ ಸಾಲದ ಬಲೆ’ ಎಂದು ಒಂದೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಹಂಬನ್‌ತೋಟ ಬಂದರನ್ನು 2017ರಲ್ಲಿ ಚೀನಾದ ಕಂಪನಿಗೆ 99 ವರ್ಷ ಲೀಸಿಗೆ ಕೊಟ್ಟದ್ದು ನಿಜ. ಆದರೆ ಲಂಕೆಯ ಕುತ್ತಿಗೆಗೆ ಬಿದ್ದ ಹಗ್ಗದಲ್ಲಿ ಎಲ್ಲಕ್ಕಿಂತ ದಪ್ಪನೆಯ ಎಳೆ ಬೀಜಿಂಗಿನದಲ್ಲ. ಅದು ಅಂತಾರಾಷ್ಟ್ರೀಯ ಪೇಟೆಯಲ್ಲಿ ಹೆಚ್ಚು ಬಡ್ಡಿಗೆ ಮಾರಿದ ಬಾಂಡುಗಳದ್ದು. ಮೂರನೇ ಒಂದಕ್ಕಿಂತ ಹೆಚ್ಚು ಸಾಲ ಅಲ್ಲಿಯದು. ಊರ ಸಾಹುಕಾರನನ್ನು ಬೈಯುವುದು ಸುಲಭ, ಪೇಟೆಯ ಫೈನಾನ್ಸ್ ಕಂಪನಿಗೆ ಮುಖವೇ ಇರುವುದಿಲ್ಲ. 2022ರಲ್ಲಿ ಭಾರತ ಇಂಧನ, ಔಷಧ, ಆಹಾರಕ್ಕೆಂದು ಸುಮಾರು 400 ಕೋಟಿ ಡಾಲರ್ ನೆರವು ಕೊಟ್ಟಿತು. 2023ರ ಮಾರ್ಚ್‌ನಲ್ಲಿ ಐಎಂಎಫ್ ಸುಮಾರು 300 ಕೋಟಿ ಡಾಲರ್ ಸಾಲಕ್ಕೆ ಒಪ್ಪಿತು. ಐಎಂಎಫ್ ಹೇಳಿದ ಪಥ್ಯವನ್ನು ಎಡಪಂಥೀಯ ದಿಸಾನಾಯಕೆಯೂ ಬಿಡದೆ ಪಾಲಿಸುತ್ತಿದ್ದಾರೆ. ಬಿಟ್ಟರೆ ಮತ್ತೆ ಪೆಟ್ರೋಲ್ ಬಂಕಿನ ಮುಂದೆ ಪಾಳಿ ಬರುತ್ತದೆಂದು ಅವರಿಗೂ ಗೊತ್ತು, ಜನರಿಗೂ ಗೊತ್ತು.

ಈಗ ಮಾಲ್ಡೀವ್ಸ್. ಸುಮಾರು 1,200 ಸಣ್ಣ ದ್ವೀಪ, ಅದರಲ್ಲಿ ಜನವಸತಿ ಇರುವುದು 190ರ ಒಳಗೆ, ಒಟ್ಟು ಜನ ಐದು ಲಕ್ಷದ ಆಸುಪಾಸು. 2011ರ ಜನಗಣತಿಯಲ್ಲಿ ಬೆಳಗಾವಿ ನಗರದಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಜನ. ನಮ್ಮ ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳ, ಕ್ಯಾಂಪು ಎಲ್ಲ ಸೇರಿ ಒಂದು ದೇಶವಾದರೆ, ಅದಕ್ಕೊಬ್ಬ ಅಧ್ಯಕ್ಷ, ಒಂದು ಸೇನೆ, ವಿಶ್ವಸಂಸ್ಥೆಯಲ್ಲೊಂದು ಕುರ್ಚಿ ಇದ್ದರೆ ಹೇಗಿರುತ್ತದೋ ಹಾಗೆ. ಪಾಲಿಕೆ ಚುನಾವಣೆಯಲ್ಲೇ ಇಷ್ಟು ಗುಂಪು, ಇಷ್ಟು ಗುದ್ದಾಟ ಇರುವಾಗ ಅಲ್ಲಿಯ ರಾಜಕಾರಣ ಸಪ್ಪಗಿರುತ್ತದೆ ಎಂದು ಹೇಗೆ ಹೇಳುವುದು?

ಸಪ್ಪಗಿಲ್ಲ. 1988ರ ನವೆಂಬರ್ 3ರಂದು ಕೂಲಿ ಬಂದೂಕುಧಾರಿಗಳು ಮಾಲೆಗೆ ನುಗ್ಗಿದಾಗ ಆಗ್ರಾದಿಂದ ಹಾರಿದ ಭಾರತದ ಪ್ಯಾರಾ ಪಡೆ ಅದೇ ರಾತ್ರಿ ಇಳಿದು ಅಧ್ಯಕ್ಷ ಗಯೂಮ್ ಅವರ ಕುರ್ಚಿ ಉಳಿಸಿತು. 2008ರಲ್ಲಿ ಗಯೂಮ್ ಸೋತು ನಶೀದ್ ಬಂದರು. ಮಾಲೆ ವಿಮಾನ ನಿಲ್ದಾಣದ ಗುತ್ತಿಗೆ 2010ರಲ್ಲಿ ಬೆಂಗಳೂರು ಮೂಲದ ಜಿಎಂಆರ್ ಕಂಪನಿಗೆ ಸಿಕ್ಕಿತು. 2012ರಲ್ಲಿ ನಶೀದ್ ಕುರ್ಚಿ ಹೋಯಿತು, ಅದೇ ವರ್ಷದ ನವೆಂಬರ್‌ನಲ್ಲಿ ಗುತ್ತಿಗೆಯೂ ಹೋಯಿತು. ಮಧ್ಯಸ್ಥಿಕೆಯಲ್ಲಿ ಸೋತ ಮಾಲ್ಡೀವ್ಸ್ 2016ರಲ್ಲಿ ಸುಮಾರು 27 ಕೋಟಿ ಡಾಲರ್ ಪರಿಹಾರ ಕಟ್ಟಿತು. ಐದು ಲಕ್ಷ ಜನರ ದೇಶಕ್ಕೆ ಇದೇನು ಸಣ್ಣ ದಂಡವಲ್ಲ.

2017ರ ಡಿಸೆಂಬರ್‌ಗೆ ಬನ್ನಿ. ಮಾಲ್ಡೀವ್ಸಿನ ಸೈನಿಕರು ಬೆಳಗಾವಿಯಲ್ಲಿ ನಮ್ಮವರ ಜತೆ ಹೆಗಲು ಕೊಟ್ಟು ಓಡುತ್ತಿದ್ದರು. ಅದೇ ತಿಂಗಳು ಅವರ ಅಧ್ಯಕ್ಷ ಯಮೀನ್ ಬೀಜಿಂಗಿನಲ್ಲಿ ಕೂತು ಚೀನಾ ಜತೆ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕುತ್ತಿದ್ದರು. ಸಾವಿರ ಪುಟ ಮೀರಿದ ಒಪ್ಪಂದವನ್ನು ಸಂಸತ್ತು ಒಂದು ತಾಸಿನೊಳಗೆ ಪಾಸು ಮಾಡಿತೆಂದು ಅಲ್ಲಿಯ ವಿರೋಧ ಪಕ್ಷ ಕೂಗಾಡಿತು. ಕೈ ಕುಲುಕುವುದು ದೆಹಲಿಯಲ್ಲಿ, ಕಾಗದ ಮಾಡುವುದು ಬೀಜಿಂಗಿನಲ್ಲಿ. ಇದನ್ನು ದ್ರೋಹ ಎಂದವರೂ ಇದ್ದರು. ನನಗೆ ಹಾಗೆ ಕಾಣುವುದಿಲ್ಲ. ಎರಡು ದೊಡ್ಡ ಅಂಗಡಿಗಳ ನಡುವೆ ಸಿಕ್ಕ ಸಣ್ಣ ಗಿರಾಕಿ ಎರಡೂ ಕಡೆ ಖಾತೆ ಇಟ್ಟುಕೊಳ್ಳುತ್ತಾನೆ. ಒಂದೇ ಕಡೆ ಇಟ್ಟರೆ ಅಂಗಡಿಯವನು ಹೇಳಿದ್ದೇ ದರ.

2023ರ ಅಧ್ಯಕ್ಷ ಚುನಾವಣೆಯಲ್ಲಿ ಮುಯಿಝು ಗೆದ್ದದ್ದು ‘ಇಂಡಿಯಾ ಔಟ್’ ಅಲೆಯ ಮೇಲೆ. ನವೆಂಬರ್ 17ರಂದು ಅಧಿಕಾರ ವಹಿಸಿಕೊಂಡವರು ಮಾಡಿದ ಮೊದಲ ಕೆಲಸ, ಅಲ್ಲಿ ಹೆಲಿಕಾಪ್ಟರ್ ಮತ್ತು ಡಾರ್ನಿಯರ್ ವಿಮಾನ ನೋಡಿಕೊಳ್ಳುತ್ತಿದ್ದ ಎಂಬತ್ತರ ಆಸುಪಾಸಿನ ಭಾರತೀಯ ಸೈನಿಕರು ಹೊರಡಬೇಕು ಎಂದದ್ದು. ಡಿಸೆಂಬರ್‌ನಲ್ಲಿ ಸಮುದ್ರ ಸರ್ವೇಕ್ಷಣೆಯ ಒಪ್ಪಂದ ಮುಂದುವರಿಸುವುದಿಲ್ಲ ಎಂದರು. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಪ್ರವಾಸದ ಬಗ್ಗೆ ಅಲ್ಲಿಯ ಮೂವರು ಉಪಸಚಿವರು ನಾಲಗೆ ಹರಿಬಿಟ್ಟು ಅಮಾನತಾದರು. ನಮ್ಮಲ್ಲಿ ‘ಬಾಯ್ಕಾಟ್ ಮಾಲ್ಡೀವ್ಸ್’ ಭರಾಟೆ. ಹಿಂದಿನ ವರ್ಷ ಎರಡು ಲಕ್ಷ ದಾಟಿದ್ದ ಭಾರತೀಯ ಪ್ರವಾಸಿಗರ ಸಂಖ್ಯೆ 1.3 ಲಕ್ಷಕ್ಕೆ ಕುಸಿಯಿತು.

ಆ ಗದ್ದಲದ ನಡುವೆಯೇ, 2024ರ ಏಪ್ರಿಲ್‌ನಲ್ಲಿ, ದೆಹಲಿಯಿಂದ ಸದ್ದಿಲ್ಲದೆ ಒಂದು ಅಧಿಸೂಚನೆ ಹೊರಬಿತ್ತು. ನನ್ನ ಮಟ್ಟಿಗೆ ಇಡೀ ಜಗಳದಲ್ಲಿ ಓದಲೇಬೇಕಾದ ಕಾಗದ ಅದೊಂದೇ. ಅದು ಮಾಲ್ಡೀವ್ಸಿನ ಕಿರಾಣಿ ಚೀಟಿ. ಬೇರೆ ದೇಶಗಳಿಗೆ ರಫ್ತು ನಿಷೇಧ, ನಿರ್ಬಂಧ ಏನೇ ಇರಲಿ, ಮಾಲ್ಡೀವ್ಸಿಗೆ ಆ ವರ್ಷ ಇಷ್ಟಿಷ್ಟು ಕಳಿಸಬಹುದು ಎಂಬ ಪಟ್ಟಿ: ಅಕ್ಕಿ 1,24,218 ಟನ್, ಗೋಧಿ ಹಿಟ್ಟು 1,09,162 ಟನ್, ಸಕ್ಕರೆ 64,494 ಟನ್, ಉಳ್ಳಾಗಡ್ಡಿ 35,749 ಟನ್, ಬಟಾಟೆ 21,513 ಟನ್, ಮೊಟ್ಟೆ 42.75 ಕೋಟಿ. ಮೊಟ್ಟೆಯ ಲೆಕ್ಕ ಹಾಕಿದರೆ ತಲೆಗೆ 850ರ ಮೇಲಾಗುತ್ತದೆ. ಅಷ್ಟನ್ನೂ ಅವರೇ ತಿನ್ನುವುದಿಲ್ಲ. ವರ್ಷಕ್ಕೆ ಇಪ್ಪತ್ತು ಲಕ್ಷ ಪ್ರವಾಸಿಗರು ಬರುವ ದೇಶ, ರೆಸಾರ್ಟಿನ ಬೆಳಗಿನ ಆಮ್ಲೆಟ್ಟೂ ಇದರಲ್ಲೇ ಸೇರಿದೆ. 1981ರಲ್ಲಿ ಈ ಏರ್ಪಾಡು ಶುರುವಾದಂದಿನಿಂದ ಇಷ್ಟು ದೊಡ್ಡ ಪ್ರಮಾಣಕ್ಕೆ ಅನುಮತಿ ಕೊಟ್ಟದ್ದು ಅದೇ ಮೊದಲು. ಮೊಬೈಲಿನಲ್ಲಿ ಬಹಿಷ್ಕಾರ, ಬಂದರಿನಲ್ಲಿ ಭರ್ತಿ.

ಪಟ್ಟಿಯ ಕೊನೆಗಿದ್ದ ಎರಡು ಸಾಮಾನು ನೋಡಿ ಖಾನಾಪುರದ ಸ್ನೇಹಿತರೊಬ್ಬರು ಬಿದ್ದು ಬಿದ್ದು ನಕ್ಕರು. ನದಿಯ ಉಸುಕು 10 ಲಕ್ಷ ಟನ್, ಜಲ್ಲಿಕಲ್ಲು 10 ಲಕ್ಷ ಟನ್. “ಸುತ್ತೆಲ್ಲಾ ಉಸುಕಽ ಇರೋ ದೇಶಕ್ಕ ನಾವು ಉಸುಕು ಕೊಡಬೇಕಂತ! ಇಲ್ಲಿ ನಮಗಽ ಒಂದ್ ಟ್ರ್ಯಾಕ್ಟರ್ ಉಸುಕು ಸಿಗಬೇಕಂದ್ರ ಜೀವ ಹೋಗತೈತಿ” ಎಂದರು. ಅವರ ಮನೆ ಕಟ್ಟುವ ಕೆಲಸ ಪ್ಲಿಂತ್ ಮಟ್ಟಕ್ಕೆ ಬಂದು ನಿಂತಿತ್ತು, ಹಾಗಾಗಿ ನಗುವಿನಲ್ಲಿ ಸ್ವಲ್ಪ ಕಹಿಯೂ ಇತ್ತು. ಮಲಪ್ರಭೆಯ ದಂಡೆಯಲ್ಲಿ ಉಸುಕು ತೆಗೆಯುವುದು, ತಡೆಯುವುದು, ರಾತ್ರಿ ಟ್ರ್ಯಾಕ್ಟರ್ ಹಿಡಿಯುವುದು ಇವೆಲ್ಲ ಆ ಸೀಮೆಯವರಿಗೆ ಹೊಸತಲ್ಲ.

ಮಾಲ್ಡೀವ್ಸಿನ ಉಸುಕು ನೋಡಲು ಚಂದ, ಕಟ್ಟಲು ಬಾರದು. ಅದು ಹವಳದ ಪುಡಿ, ಉಪ್ಪು ಕುಡಿದದ್ದು. ಕಾಂಕ್ರೀಟಿಗೆ ಹಾಕಿದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕೆಲವೇ ವರ್ಷಗಳಲ್ಲಿ ಕಟ್ಟಡ ಸಿಡಿಯುತ್ತದೆ. ದಂಡೆಯ ಉಸುಕು ಎತ್ತಿದರೆ ದ್ವೀಪವೇ ಕರಗುತ್ತದೆ. ಹಾಗಾಗಿ ಸಮುದ್ರದ ನಡುವೆ ಕೂತು ನದಿಯ ಉಸುಕನ್ನು ಹಡಗಿನಲ್ಲಿ ತರಿಸಬೇಕು. ಚೀನಾ ಕಟ್ಟಿಸಿ 2018ರಲ್ಲಿ ತೆರೆದ ಸೇತುವೆ ಇರಲಿ, ಭಾರತ ಸಾಲ ಕೊಟ್ಟು ಕಟ್ಟಿಸುತ್ತಿರುವ ಸೇತುವೆ ಇರಲಿ, ಎಲ್ಲಕ್ಕೂ ಉಸುಕು ಬೇಕು, ಜಲ್ಲಿ ಬೇಕು, ಅದು ಬರಬೇಕಾದದ್ದು ಹತ್ತಿರದ ದಂಡೆಯಿಂದಲೇ. ಭೂಗೋಳಕ್ಕೆ ಚುನಾವಣೆ ಇಲ್ಲ.

ಇನ್ನು ಡಾಲರಿನ ಸಂಕಟ. ದ್ವೀಪದವರು ಬೆಳೆಯುವುದು ಬಹಳ ಕಡಿಮೆ. ಅಕ್ಕಿ, ಎಣ್ಣೆ, ಡೀಸೆಲ್, ಸಿಮೆಂಟು ಎಲ್ಲ ಹೊರಗಿನಿಂದ, ಎಲ್ಲ ಡಾಲರಿಗೆ. ಡಾಲರ್ ತರುವವರು ಪ್ರವಾಸಿಗರು ಮತ್ತು ಮೀನು. ಪ್ರವಾಸಿ ಕೊಟ್ಟ ಡಾಲರಿನಲ್ಲೂ ದೊಡ್ಡ ಪಾಲು ರೆಸಾರ್ಟ್ ಕಂಪನಿಗಳ ವಿದೇಶಿ ಖಾತೆಯಲ್ಲೇ ಉಳಿಯುತ್ತದೆ. 2024ರ ಮಧ್ಯಭಾಗದಲ್ಲಿ ಮಾಲ್ಡೀವ್ಸಿನ ಬೊಕ್ಕಸದಲ್ಲಿದ್ದ ಡಾಲರ್ ಒಂದೆರಡು ತಿಂಗಳ ಆಮದಿಗೆ ಸಾಲುವಷ್ಟು ಮಾತ್ರ. ಮೂಡೀಸ್, ಫಿಚ್ ಎರಡೂ ದರ್ಜೆ ಇಳಿಸಿದವು. 2026ರಲ್ಲಿ ತೀರಿಸಬೇಕಾದ 50 ಕೋಟಿ ಡಾಲರಿನ ಸುಕುಕ್ ಬಾಂಡು ಬೇರೆ ತಲೆಯ ಮೇಲಿತ್ತು. ಆಗ ಕೈ ಹಿಡಿದದ್ದು ಯಾರು? ‘ಔಟ್’ ಎಂದು ಯಾರನ್ನು ಕರೆದಿದ್ದರೋ ಅವರೇ. 2024ರ ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದರು. 40 ಕೋಟಿ ಡಾಲರ್ ಮತ್ತು 3,000 ಕೋಟಿ ರೂಪಾಯಿಯ ಕರೆನ್ಸಿ ಸ್ವಾಪ್ ಒಪ್ಪಂದವಾಯಿತು.

ಸ್ವಾಪ್ ಎಂದರೆ ದೊಡ್ಡ ಶಬ್ದ, ಒಳಗಿರುವುದು ನಮ್ಮ ಊರ ಕೈಗಡ. ಅವರು ತಮ್ಮ ರೂಫಿಯಾವನ್ನು ನಮ್ಮ ರಿಸರ್ವ್ ಬ್ಯಾಂಕಿನ ಹೆಸರಿಗೆ ಬರೆದಿಟ್ಟು ಡಾಲರ್ ಒಯ್ಯುತ್ತಾರೆ. ಗೊತ್ತಾದ ದಿನಕ್ಕೆ ಡಾಲರನ್ನು ಬಡ್ಡಿ ಸಹಿತ ಮರಳಿಸಿ ತಮ್ಮ ಹಣ ಬಿಡಿಸಿಕೊಳ್ಳುತ್ತಾರೆ. ರೂಪಾಯಿಯ ಸ್ವಾಪಿನಿಂದ ಇನ್ನೊಂದು ಅನುಕೂಲ. ನಮ್ಮಿಂದ ಕೊಳ್ಳುವ ಅಕ್ಕಿ, ಉಳ್ಳಾಗಡ್ಡಿಗೆ ರೂಪಾಯಿಯಲ್ಲೇ ಹಣ ಕೊಡಬಹುದು, ಡಾಲರ್ ಕರಗುವುದಿಲ್ಲ. ಆ ಪ್ರವಾಸದಲ್ಲೇ ಮುಯಿಝು ಬೆಂಗಳೂರಿಗೂ ಬಂದುಹೋದರು. ಬೆಂಗಳೂರಿನಲ್ಲಿ ಮಾಲ್ಡೀವ್ಸಿನ ಕಾನ್ಸುಲೇಟ್ ತೆರೆಯುವ ಮಾತಾಯಿತು. 2025ರ ಜುಲೈ 26ರಂದು ಅವರ ಸ್ವಾತಂತ್ರ್ಯದ 60ನೇ ವರ್ಷದ ಸಮಾರಂಭಕ್ಕೆ ನಮ್ಮ ಪ್ರಧಾನಿಯೇ ಮುಖ್ಯ ಅತಿಥಿ, ಜತೆಗೆ 4,850 ಕೋಟಿ ರೂಪಾಯಿ ಸಾಲದ ಘೋಷಣೆ. ಇಷ್ಟೆಲ್ಲದರ ನಡುವೆ ಯಮೀನ್ ಸಹಿ ಹಾಕಿದ್ದ ಚೀನಾ ಒಪ್ಪಂದವೂ 2025ರ ಜನವರಿ 1ರಿಂದ ಜಾರಿಗೆ ಬಂತು. ಎರಡೂ ಖಾತೆ ಚಾಲ್ತಿಯಲ್ಲಿವೆ.

ಬೆಳಗಾವಿಯಲ್ಲಿ ಹುಟ್ಟಿ ಬೆಳೆದವರಿಗೆ ಇದರಲ್ಲಿ ಅಚ್ಚರಿ ಏನಿಲ್ಲ. ಗಡಿ ತಂಟೆ ಎದ್ದಾಗ ಎರಡು ದಿನ ಬಸ್ಸು ನಿಲ್ಲುತ್ತವೆ, ಬೋರ್ಡಿಗೆ ಮಸಿ ಬೀಳುತ್ತದೆ, ಭಾಷಣಗಳಲ್ಲಿ ರಕ್ತ ಕುದಿಯುತ್ತದೆ. ಮೂರನೇ ದಿನ ಕೊಲ್ಹಾಪುರದ ಲಾರಿ ಬರುತ್ತದೆ, ಇಲ್ಲಿಯ ಲಾರಿ ಅಲ್ಲಿಗೆ ಹೋಗುತ್ತದೆ. ಘೋಷಣೆ ಸುಳ್ಳು ಎಂದು ನಾನು ಹೇಳುತ್ತಿಲ್ಲ, ಅದಕ್ಕೂ ಅದರ ನೋವಿದೆ. ಆದರೆ ಹೊಟ್ಟೆಯ ಕ್ಯಾಲೆಂಡರ್ ಬೇರೆ.

ಎಪಿಎಂಸಿಗೆ ಹೋಗೋಣ. ಸವಾಲಿನ ದಿನ ಬೆಳಿಗ್ಗೆ ಬೆಳಗಾವಿಯ ಉಳ್ಳಾಗಡ್ಡಿ ಪೇಟೆಗೆ ಹೋದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಕೆಂಪು ಜಾಳಿಗೆ ಚೀಲಗಳ ಒಡ್ಡು, ನಡುವೆ ಹಮಾಲರ ಓಡಾಟ, ಕಾಲಡಿ ಸಿಪ್ಪೆಯ ಹಾಸಿಗೆ. ಚೀಲಕ್ಕೆ ಕೈ ಹಾಕಿ ನಾಲ್ಕು ಗಡ್ಡೆ ತೆಗೆದು ಒತ್ತಿ ನೋಡಿ ಬಿಸಾಕುತ್ತಾರೆ. ಮಾಲು ಬರುವುದು ವಿಜಯಪುರ, ಬಾಗಲಕೋಟೆ ಕಡೆಯಿಂದ, ಮಹಾರಾಷ್ಟ್ರದಿಂದ. ಹೋಗುವುದು ಹೆಚ್ಚಾಗಿ ಗೋವಾ, ಕೊಂಕಣದ ಕಡೆಗೆ. ಹಾಗಾದರೆ ಇದಕ್ಕೂ ಕೊಲಂಬೊಕ್ಕೂ ಏನು ಸಂಬಂಧ ಎಂದು ಒಬ್ಬ ಹಿರಿಯ ಅಡತಿ ವ್ಯಾಪಾರಿಯನ್ನು ಕೇಳಿದೆ. “ಸರ, ನಮ್ಮ ಗಡ್ಡಿ ಹಡಗ ಹತ್ತಂಗಿಲ್ಲ, ಖರೇ. ಆದ್ರ ರೇಟು ಹತ್ತತೈತಿ” ಎಂದರು. ನಾಸಿಕದ ಮಾಲು ಹಡಗು ಹತ್ತಿದರೆ ಒಳಪೇಟೆಗೆ ಬರುವ ಮಾಲು ಕಡಿಮೆಯಾಗುತ್ತದೆ, ಇಲ್ಲಿಯ ದರ ಏಳುತ್ತದೆ. ಹಡಗು ನಿಂತರೆ ಅದೇ ಮಾಲು ಲಾರಿ ಹತ್ತಿ ಎಲ್ಲ ಪೇಟೆಗೂ ನುಗ್ಗುತ್ತದೆ.

ಈ ಮಾತಿನ ಬೆನ್ನಿಗೆ ಇತ್ತೀಚಿನ ಇತಿಹಾಸವೇ ಇದೆ. 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇ 40 ಸುಂಕ ಹಾಕಿತು. ಡಿಸೆಂಬರ್ 8ರಂದು ರಫ್ತನ್ನೇ ನಿಷೇಧಿಸಿತು. ಚುನಾವಣೆಯ ನಡುವೆ, 2024ರ ಏಪ್ರಿಲ್ ಕೊನೆಯಲ್ಲಿ, ಆರು ದೇಶಗಳಿಗೆ 99,150 ಟನ್ ಕಳಿಸಬಹುದು ಎಂದಿತು. ಆ ಆರರಲ್ಲಿ ಬಾಂಗ್ಲಾ, ಯುಎಇ, ಭೂತಾನ್ ಬಿಟ್ಟರೆ ಉಳಿದ ಶ್ರೀಲಂಕಾ, ಮಾರಿಷಸ್, ಬಹರೇನ್ ಮೂರೂ ದ್ವೀಪಗಳೇ. ಮೇ 4ರಂದು ನಿಷೇಧ ಹೋಯಿತು, ಸುಂಕ ಉಳಿಯಿತು. ಸೆಪ್ಟೆಂಬರ್‌ನಲ್ಲಿ ಸುಂಕ ಶೇ 20ಕ್ಕೆ ಇಳಿದು, 2025ರ ಏಪ್ರಿಲ್ 1ರಂದು ಪೂರ್ತಿ ಹೋಯಿತು. ಅಷ್ಟರಲ್ಲಿ ದ್ವೀಪದವರು ಪಾಕಿಸ್ತಾನದ, ಚೀನಾದ ಗಡ್ಡೆಯ ರುಚಿ ನೋಡಿದ್ದರು. ಲಂಕೆಯೂ ತನ್ನ ರೈತರ ಬೆಳೆ ಪೇಟೆಗೆ ಬರುವ ಹೊತ್ತಿಗೆ ಆಮದು ತೆರಿಗೆ ಏರಿಸುತ್ತದೆ. ಅಲ್ಲಿಯ ರೈತನಿಗೂ ಮತ ಇದೆ. ಇವೆರಡರ ನಡುವೆ ನಮ್ಮ ರೈತ ಸಿಕ್ಕಿಬೀಳುತ್ತಾನೆ. ಗ್ರಾಹಕರ ಕಣ್ಣೀರು ಒರೆಸಲು ಬೆಳೆಗಾರನ ದರ ಮುರಿಯುವುದು ದೆಹಲಿಯ ಹಳೆಯ ಚಾಳಿ. ಗೆಳೆಯ ದೇಶಗಳ ಹೆಸರಿನಲ್ಲಿ ಒಂದಿಷ್ಟು ಕಿಂಡಿ ತೆರೆದು ಉದಾರಿ ಎನ್ನಿಸಿಕೊಳ್ಳುವುದು ಹೊಸ ಚಾಳಿ. ಆ ಕಿಂಡಿಯಲ್ಲಿ ಹೋಗುವ ಮಾಲಿನ ಲಾಭ ಹೊಲದವರೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಸಕ್ಕರೆಯದೂ ಇದೇ ಪಾಡು. ಬೆಳಗಾವಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಕ್ಕರೆ ಕಾರ್ಖಾನೆಗಳಿವೆ. ಮಳೆನಾಡಾದ ಖಾನಾಪುರದಲ್ಲೂ ಒಂದಿದೆ. ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇರುವುದೂ ಬೆಳಗಾವಿಯಲ್ಲೇ. ಕಾರ್ಖಾನೆಯವರು ರೈತರಿಗೆ ಹೇಳುವ ನೆಪಗಳಲ್ಲಿ ಎರಡು ಖಾಯಂ: ಸಕ್ಕರೆಯ ಕನಿಷ್ಠ ಮಾರಾಟ ದರ 2019ರ ಫೆಬ್ರವರಿಯಿಂದ ಕಿಲೋಗೆ 31 ರೂಪಾಯಿಯಲ್ಲೇ ನಿಂತಿದೆ, ರಫ್ತಿಗೆ ಬಾಗಿಲು ಮುಚ್ಚಿದೆ. ನೆಪವಾದರೂ ಪೂರ್ತಿ ಸುಳ್ಳಲ್ಲ. ಗುರ್ಲಾಪುರದ ಚಳವಳಿ ಹೊತ್ತಿಗೆ ಮುಖ್ಯಮಂತ್ರಿ ಪ್ರಧಾನಿಗೆ ಬರೆದ ಪತ್ರದಲ್ಲೂ ಇವೇ ಇದ್ದವು. 2023–24ರಲ್ಲಿ ಮುಕ್ತ ರಫ್ತು ಇರಲಿಲ್ಲ. ಮರುವರ್ಷ 10 ಲಕ್ಷ ಟನ್, 2025–26ಕ್ಕೆ 15 ಲಕ್ಷ ಟನ್ ಬಿಟ್ಟರು.

ಸಕ್ಕರೆಗೇ ಜೋತುಬಿದ್ದರೆ ಏನಾಗುತ್ತದೆ ಎಂದು ನೋಡಬೇಕಾದರೆ ಮಾರಿಷಸ್ ಕಡೆ ತಿರುಗಬೇಕು. 1834ರಿಂದ ಭಾರತದ ಕೂಲಿಗಳನ್ನು ಹಡಗಿನಲ್ಲಿ ಒಯ್ದು ಕಬ್ಬು ಕಡಿಸಿದ ದ್ವೀಪ ಅದು. 1968ರಲ್ಲಿ ಸ್ವತಂತ್ರವಾದಾಗ ಮಾರಲು ಸಕ್ಕರೆ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಯುರೋಪು ಪೇಟೆಗಿಂತ ಹೆಚ್ಚಿನ ಖಾತ್ರಿ ದರ ಕೊಟ್ಟು ಕೊಳ್ಳುತ್ತಿತ್ತು. 2006ರಿಂದ ಆ ದರವನ್ನು ಹಂತ ಹಂತವಾಗಿ ಶೇ 36ರಷ್ಟು ಇಳಿಸಿ, 2009ಕ್ಕೆ ಹಳೆಯ ಒಪ್ಪಂದವನ್ನೇ ಮುಗಿಸಿತು. ಈಗ ಇಡೀ ದೇಶದಲ್ಲಿ ಉಳಿದಿರುವುದು ಮೂರು ಕಾರ್ಖಾನೆ. ಕೆಟ್ಟ ಮೇಲೂ ಮಾರಿಷಸ್ ಬದುಕಿತು. ಬಟ್ಟೆ, ಪ್ರವಾಸ, ಬ್ಯಾಂಕಿಂಗ್ ಕಡೆ ಮೊದಲೇ ಕಾಲಿಟ್ಟಿತ್ತು. ನಮ್ಮಲ್ಲಿ ಕಬ್ಬಿನಿಂದ ಆಚೆಗೆ ಯೋಚಿಸಿದವರು ಎಷ್ಟು ಮಂದಿ? ಎಥೆನಾಲ್ ಬಿಡಿ, ಅದೂ ಕಬ್ಬೇ.

ಕೊನೆಯದಾಗಿ ಖಾನಾಪುರದ ಮೂಲೆಯ ಕಣಕುಂಬಿ. ಗುಡಿಯ ಪಕ್ಕದ ತೀರ್ಥದಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಅಲ್ಲೇ ಪಕ್ಕದ ಕಳಸಾ ಹಳ್ಳ ಪಶ್ಚಿಮಕ್ಕೆ ಇಳಿದು ಮಹದಾಯಿ ಸೇರಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಒಂದೇ ಮಳೆ, ಎರಡು ಸಮುದ್ರ. ಆ ಹಳ್ಳದ ನೀರಿಗಾಗಿ ನಾವು ಗೋವಾ ಜತೆ ದಶಕಗಳಿಂದ ಕಾದಾಡುತ್ತಿದ್ದೇವೆ. 2018ರ ಆಗಸ್ಟ್‌ನಲ್ಲಿ ನ್ಯಾಯಮಂಡಳಿ ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ಹಂಚಿತು. ಅದರಲ್ಲಿ ಕಳಸಾ, ಬಂಡೂರಿ ಎರಡೂ ಕಡೆಯಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 3.9 ಟಿಎಂಸಿ. ಗೋವಾ ನಮ್ಮ ಒಂದು ಜಿಲ್ಲೆಯಷ್ಟೂ ಇಲ್ಲ, ಆದರೂ ಒಂದಿಂಚು ಬಿಡುವುದಿಲ್ಲ. ಅಳತೆ ನಾವು ಮಾಡುತ್ತೇವೆ ಎಂದರೆ ಅವರು ನಂಬುವುದಿಲ್ಲ, ಅವರ ಅಳತೆಯನ್ನು ನಾವು ನಂಬುವುದಿಲ್ಲ. ನಮ್ಮ ಸಮುದ್ರವನ್ನು ನೀವು ಅಳೆಯುವುದು ಬೇಡ ಎಂದು ಮಾಲ್ಡೀವ್ಸ್ ಭಾರತಕ್ಕೆ ಹೇಳಿದಾಗ ಸಿಟ್ಟಾದ ಬೆಳಗಾವಿಯವರು ಒಮ್ಮೆ ಈ ದಿಕ್ಕಿನಿಂದಲೂ ನೋಡಬೇಕು. ಸಣ್ಣವರ ಹಟಕ್ಕೆ ಸಣ್ಣವರದೇ ಆದ ಭಯವಿರುತ್ತದೆ.

ಮಿತ್ರಶಕ್ತಿ ತಾಲೀಮಿನಲ್ಲಿ ಉಗ್ರರ ಅಡಗುತಾಣದ ಮೇಲೆ ದಾಳಿ, ಡ್ರೋನ್ ತಡೆಯುವುದು, ಯೋಗ ಎಲ್ಲ ಇದ್ದವು. ಗಾಯಗೊಂಡವರನ್ನು ಹೊತ್ತು ಸಾಗಿಸುವ ಅಭ್ಯಾಸವೂ ಇತ್ತು. ನವೆಂಬರ್ 23ಕ್ಕೆ ಎಲ್ಲ ಮುಗಿದು ಲಂಕೆಯವರು ಊರಿಗೆ ಹೊರಟರು. ಆ ವಾರ ಕಳೆಯುವುದರೊಳಗೆ ‘ದಿತ್ವಾ’ ಚಂಡಮಾರುತ ಲಂಕೆಗೆ ಬಡಿಯಿತು. ಗುಡ್ಡಗಳು ಕುಸಿದವು, 600ಕ್ಕೂ ಹೆಚ್ಚು ಜನ ಸತ್ತರು. ಭಾರತ ‘ಸಾಗರ ಬಂಧು’ ಹೆಸರಿನಲ್ಲಿ ಹಡಗು, ಹೆಲಿಕಾಪ್ಟರ್ ಕಳಿಸಿತು, ಸೇನೆ ಅಲ್ಲಿ ಫೀಲ್ಡ್ ಆಸ್ಪತ್ರೆ ತೆರೆಯಿತು. 1990ರಲ್ಲಿ ಜಾಫ್ನಾ ಬಿಟ್ಟು ಬಂದಿದ್ದ ಸೇನೆ 35 ವರ್ಷದ ಮೇಲೆ ಲಂಕೆಗೆ ಹೋದದ್ದು ಔಷಧದ ಪೆಟ್ಟಿಗೆ ಹೊತ್ತು. ಕಳಿಸಿ ಎಂದು ಕೇಳಿದ್ದು ಜನತಾ ವಿಮುಕ್ತಿ ಪೆರಮುನದ ಸರ್ಕಾರ.